ಮುಖ ಬಿಗಿಸುವ ಶಸ್ತ್ರಚಿಕಿತ್ಸೆ: ಚೇತರಿಕೆಗೆ ಎಷ್ಟು ದಿನ ಬೇಕು?

ಮಗಳ ಮದುವೆಗೆ ಇನ್ನು 24 ದಿನ ಇರುವಾಗ 56 ವರ್ಷದ ಗೃಹಿಣಿಯೊಬ್ಬರು ತಮ್ಮ ತಂಗಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೈಚೀಲದಿಂದ ಒಂದು ಜಾಹೀರಾತಿನ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಐದೇ ದಿನದಲ್ಲಿ ಹತ್ತು ವರ್ಷ ಚಿಕ್ಕವರಾಗಿ ಕಾಣಬಹುದೆಂದು ಅದರಲ್ಲಿ ಅಚ್ಚಾಗಿತ್ತು. "ಐದು ದಿನ ಅಂದ್ರೆ ನಮಗೆ ಇನ್ನೂ ಹತ್ತೊಂಬತ್ತು ದಿನ ಕೈಯಲ್ಲಿರುತ್ತೆ ಅಲ್ವಾ ಡಾಕ್ಟ್ರೇ? ಆರತಕ್ಷತೆ ಫೋಟೋದಲ್ಲಿ ಈ ಜೋಲು ಕತ್ತು ಕಾಣಬಾರದು, ಅಷ್ಟೇ" ಎಂದರು. ತಂಗಿ ಸುಮ್ಮನೆ ಕುಳಿತಿದ್ದರು. ಅಕ್ಕನಿಗೆ ರಕ್ತದೊತ್ತಡ ಇದೆ, ದಿನವೂ ಆಸ್ಪಿರಿನ್ ಮಾತ್ರೆ ನುಂಗುತ್ತಾರೆ ಎಂಬುದನ್ನು ಕೊನೆಗೆ ಹೇಳಿದವರು ಅವರೇ.

ಇಂಥ ಆಸೆಯನ್ನು ಕಂಡು ನಗುವವರ ಪೈಕಿ ನಾನಲ್ಲ. ತಲೆಗೂದಲಿಗೆ ಬಣ್ಣ ಹಚ್ಚುವುದನ್ನು, ಹಲ್ಲು ಕಟ್ಟಿಸಿಕೊಳ್ಳುವುದನ್ನು ಒಪ್ಪುವ ನಾವು ಜೋತುಬಿದ್ದ ಕೆನ್ನೆಯನ್ನು ಎತ್ತಿಸಿಕೊಳ್ಳುವವರನ್ನು ಮಾತ್ರ ಹಾಸ್ಯ ಮಾಡುವುದು ಸರಿಯಲ್ಲ. ಆದರೆ ಆ ಚೀಟಿಯಲ್ಲಿದ್ದ 'ಐದು ದಿನ' ಯಾವುದರ ಲೆಕ್ಕ ಎಂದು ಕೇಳಿಕೊಳ್ಳದೆ ಮುಂದಡಿ ಇಟ್ಟರೆ ತೊಂದರೆ ತಪ್ಪಿದ್ದಲ್ಲ.

ಫೇಸ್‌ಲಿಫ್ಟ್ ಎಂದು ಕರೆಯುವ ಈ ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ 'ಚೇತರಿಕೆ' ಎಂಬ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚುತ್ತಾರೆ. ರೋಗಿ ಎದ್ದು ತನ್ನ ಕೆಲಸ ತಾನು ಮಾಡಿಕೊಳ್ಳುವ ದಿನವನ್ನೇ ಕೆಲವರು ಚೇತರಿಕೆ ಎನ್ನುತ್ತಾರೆ. ಅದಕ್ಕೆ ಎರಡು ಮೂರು ದಿನ ಸಾಕು. ಹೊಲಿಗೆ ಬಿಚ್ಚುವ ದಿನ ಎಂದರೆ ಅದು ಹತ್ತು ಹದಿನಾಲ್ಕು ದಿನದ ಮಾತು. ಎದುರುಮನೆಯವರು ನೋಡಿದರೂ 'ಏನಾಯಿತು ನಿಮಗೆ?' ಎಂದು ಕೇಳದಂತೆ ಆಗುವುದು ಬೇರೆಯೇ ದಿನ. ಒಳಗಿನ ಊತ ಪೂರ್ತಿ ಇಳಿದು, ಕಿವಿಯ ಬಳಿಯ ಜೋಮು ಹೋಗಿ, ಗಾಯದ ಗುರುತು ಮಾಸಿ, ಮುಖ ತನ್ನದೇ ಎನ್ನಿಸುವ ದಿನ ತಿಂಗಳುಗಳ ಆಚೆಗಿರುತ್ತದೆ. ಒಂದು ಆಸ್ಪತ್ರೆ ಮೊದಲನೆಯ ಅರ್ಥದಲ್ಲಿ ದಿನ ಹೇಳಿ, ಇನ್ನೊಂದು ಮೂರನೆಯ ಅರ್ಥದಲ್ಲಿ ಹೇಳಿದರೆ ಮೊದಲನೆಯದೇ ಮೇಲು ಎಂದು ತೋರುತ್ತದೆ. ಎರಡೂ ಕಡೆ ಮಾಡುವ ಶಸ್ತ್ರಚಿಕಿತ್ಸೆ ಒಂದೇ ಆಗಿರಬಹುದು!

ಗವಸು ಮತ್ತು ಹತ್ತಿ

ವಿಧಾನಗಳ ವ್ಯತ್ಯಾಸ ತಿಳಿಯಬೇಕಾದರೆ ಮುಖ ಏಕೆ ಜೋಲುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ವಯಸ್ಸಾದಂತೆ ಚರ್ಮ ತೆಳುವಾಗಿ ತನ್ನ ಸೆಳೆತ ಕಳೆದುಕೊಳ್ಳುತ್ತದೆ, ನಿಜ. ಆದರೆ ಅಷ್ಟೇ ಅಲ್ಲ. ಚರ್ಮದ ಕೆಳಗಿನ ಕೊಬ್ಬು, ಅದರ ಕೆಳಗೆ ಮುಖಭಾವ ಮೂಡಿಸುವ ಸ್ನಾಯುಗಳನ್ನು ಹೊದ್ದಿರುವ ತೆಳುಪೊರೆ, ಇವೂ ಕೆಳಕ್ಕೆ ಜಾರುತ್ತವೆ. ಹಳೆಯ ಹಾಸಿಗೆಯಲ್ಲಿ ಹತ್ತಿ ಒಂದು ಕಡೆಗೆ ಸರಿದಿರುವಾಗ ಮೇಲಿನ ಗವಸನ್ನು ಮಾತ್ರ ಎಳೆದು ಕಟ್ಟಿದರೆ ಏನಾಗುತ್ತದೆ? ಒಂದಷ್ಟು ದಿನ ಬಿಗಿಯಾಗಿ ಕಾಣುತ್ತದೆ, ಆಮೇಲೆ ಗವಸೂ ಸಡಿಲವಾಗುತ್ತದೆ. ಮುಖದ ಶಸ್ತ್ರಚಿಕಿತ್ಸೆಯ ಇತಿಹಾಸವೆಲ್ಲ ಗವಸಿನಿಂದ ಹತ್ತಿಯ ಕಡೆಗೆ ಇಳಿದು ಹೋದ ಕಥೆ ಎನ್ನಬಹುದು.

ಇಲ್ಲೊಂದು ಮಾತು. ಪ್ಲಾಸ್ಟಿಕ್ ಸರ್ಜರಿ ಎಂದರೆ ಮುಖದೊಳಗೆ ಪ್ಲಾಸ್ಟಿಕ್ ಇಡುತ್ತಾರೆಂದು ತಿಳಿದವರು ಈಗಲೂ ಇದ್ದಾರೆ. ಹಾಗಲ್ಲ. ತಿದ್ದಿ ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಆ ಹೆಸರು ಬಂದಿದೆ. ತುಂಡಾದ ಮೂಗನ್ನು ಮತ್ತೆ ಕಟ್ಟುವ ವಿದ್ಯೆಯನ್ನು ಸುಶ್ರುತ ಸಂಹಿತೆಯೇ ವಿವರಿಸಿದೆ. ಮುಖದ ಸುಕ್ಕು ಬಿಗಿಸುವ ಕೆಲಸ ಮಾತ್ರ ತೀರ ಈಚಿನದು. 1901ರಲ್ಲಿ ಬರ್ಲಿನ್ನಿನ ವೈದ್ಯ ಯೂಜೆನ್ ಹೊಲಾಂಡರ್ ಪೋಲೆಂಡಿನ ಶ್ರೀಮಂತ ಮಹಿಳೆಯೊಬ್ಬರ ಕಿವಿಯ ಬಳಿ ಚರ್ಮದ ತುಣುಕು ತೆಗೆದು ಹೊಲಿದದ್ದನ್ನು ಮೊದಲನೆಯದೆಂದು ಹೇಳುವುದುಂಟು.

ಎಲ್ಲ ವಿಧಾನಗಳಿಗೂ ಸಮಾನವಾದ ದಿನಚರಿ

ಯಾವ ವಿಧಾನವಾದರೂ ಕಿವಿಯ ಮುಂದೆ ಕೊಯ್ದು, ಚರ್ಮವನ್ನು ಬಿಡಿಸಿ, ಹಿಂದಕ್ಕೆ ಎಳೆದು ಹೊಲಿದ ಮೇಲೆ ದೇಹ ನಡೆದುಕೊಳ್ಳುವ ರೀತಿ ಒಂದೇ. ಮೊದಲ 24 ಗಂಟೆ ವೈದ್ಯರು ಹೆದರುವ ಹೊತ್ತು. ಚರ್ಮದಡಿಯಲ್ಲಿ ರಕ್ತ ಶೇಖರವಾಗುವುದು ಈ ಶಸ್ತ್ರಚಿಕಿತ್ಸೆಯ ಅತಿ ಸಾಮಾನ್ಯ ತೊಡಕು. ಹೆಚ್ಚಿನ ಪ್ರಕರಣಗಳಲ್ಲಿ ಅದು ಮೊದಲ ದಿನವೇ ಆಗುತ್ತದೆ. ರಕ್ತದೊತ್ತಡ ಇರುವವರಲ್ಲಿ ಹೆಚ್ಚು, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಗಡ್ಡ ಬೆಳೆಯುವ ಚರ್ಮಕ್ಕೆ ರಕ್ತನಾಳಗಳು ಹೆಚ್ಚಿಗೆ ಇರುವುದು ಇದಕ್ಕೆ ಒಂದು ಕಾರಣ. ಆದ್ದರಿಂದಲೇ ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಇರುವುದು ಲೇಸು.

ಊತ ಎರಡನೆಯ ದಿನದಿಂದ ಮೂರನೆಯ ದಿನಕ್ಕೆ ಅತಿ ಹೆಚ್ಚಿಗೆ ಏರುತ್ತದೆ. ಇದನ್ನು ಮೊದಲೇ ತಿಳಿಯದವರು ಮೂರನೆಯ ದಿನ ಕನ್ನಡಿ ನೋಡಿ ಕುಸಿದುಹೋಗುತ್ತಾರೆ. ನಿನ್ನೆಗಿಂತ ಇವತ್ತು ಕೆಟ್ಟದಾಗಿದೆ, ಏನೋ ತಪ್ಪಾಗಿದೆ ಎಂದು ಅಳುತ್ತಾರೆ. ತಪ್ಪೇನೂ ಆಗಿರುವುದಿಲ್ಲ. ಒಂದು ಕೆನ್ನೆ ಇನ್ನೊಂದಕ್ಕಿಂತ ದಪ್ಪ ಕಾಣುವುದೂ ಸಹಜ. ನೀಲಿಗಟ್ಟಿದ ಕಲೆಗಳು ದಿನ ಕಳೆದಂತೆ ಹಸಿರು, ಹಳದಿಯಾಗಿ, ಕೆನ್ನೆಯಿಂದ ಕತ್ತಿಗೆ, ಕತ್ತಿನಿಂದ ಎದೆಯ ಮೇಲ್ಭಾಗಕ್ಕೆ ಇಳಿಯುತ್ತವೆ. ಹೊಸ ಜಾಗದಲ್ಲಿ ಕಲೆ ಕಂಡಿತೆಂದು ಗಾಬರಿಯಾಗಬೇಡಿ. ನೀರು ಇಳಿಜಾರಿಗೆ ಹರಿದಂತೆ ಅದು. ಎರಡು ವಾರದ ಹೊತ್ತಿಗೆ ಬಹುಮಂದಿಗೆ ಪೌಡರಿನಲ್ಲಿ ಮುಚ್ಚುವಷ್ಟು ತೆಳುವಾಗಿರುತ್ತದೆ.

ಕಿವಿಯ ಮುಂದಿನ ಹೊಲಿಗೆಗಳನ್ನು ಐದರಿಂದ ಏಳು ದಿನಕ್ಕೆ, ಕಿವಿಯ ಹಿಂದಿನ ಹಾಗೂ ಕೂದಲೊಳಗಿನ ಹೊಲಿಗೆಗಳನ್ನು ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಹೊಲಿಗೆ ತೆಗೆದರೆಂದು ಗಾಯ ಗಟ್ಟಿಯಾಯಿತು ಎಂದಲ್ಲ. ಮೂರು ವಾರದ ಗಾಯದ ಗಟ್ಟಿತನ ಮಾಮೂಲು ಚರ್ಮದ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಮೂರು ತಿಂಗಳಾದ ಮೇಲೆ ಅದು ಶೇಕಡಾ 80ರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಕೆಂಪಗಿರುವ ಗೆರೆ ಮಾಸಿ ಬೆಳ್ಳಗಾಗಲು ಆರು ತಿಂಗಳಿನಿಂದ ಒಂದು ವರ್ಷ. ಕಿವಿ, ಕೆನ್ನೆಯ ಜೋಮು ವಾರಗಳಿಂದ ತಿಂಗಳುಗಳವರೆಗೆ ಇರುತ್ತದೆ. ಈ ಕೊನೆಯ ಸಂಗತಿಗಳಲ್ಲಿ ಯಾವ ವಿಧಾನವೂ ನಿಮಗೆ ರಿಯಾಯಿತಿ ಕೊಡುವುದಿಲ್ಲ. ವಿಧಾನದಿಂದ ವಿಧಾನಕ್ಕೆ ಬದಲಾಗುವುದು ಮುಖ್ಯವಾಗಿ ಮೊದಲ ಮೂರು ನಾಲ್ಕು ವಾರಗಳ ಲೆಕ್ಕ.

ಯಾವುದಕ್ಕೆ ಎಷ್ಟು?

ದಾರ ಎಳೆದು ಮಾಡುವ ಥ್ರೆಡ್ ಲಿಫ್ಟ್‌ನಿಂದ ಆರಂಭಿಸೋಣ, ಏಕೆಂದರೆ ಜಾಹೀರಾತುಗಳ 'ಐದು ದಿನ' ಸಾಮಾನ್ಯವಾಗಿ ಇದರದೇ. ಸಣ್ಣ ಮುಳ್ಳುಗಳಿರುವ, ದೇಹದಲ್ಲಿ ಕರಗಿಹೋಗುವ ದಾರವನ್ನು ಸೂಜಿಯ ಮೂಲಕ ಚರ್ಮದಡಿ ತೂರಿಸಿ ಎಳೆದು ನಿಲ್ಲಿಸುತ್ತಾರೆ. ಕೊಯ್ಯುವುದಿಲ್ಲ, ಚರ್ಮ ತೆಗೆಯುವುದೂ ಇಲ್ಲ. ಸ್ಥಳೀಯ ಅರಿವಳಿಕೆ ಸಾಕು. ಎರಡು ದಿನದಿಂದ ಒಂದು ವಾರದಲ್ಲಿ ಹೊರಗೆ ಓಡಾಡಬಹುದು. ದೊಡ್ಡದಾಗಿ ಬಾಯಿ ತೆರೆದು ಆಕಳಿಸುವುದು, ಚಕ್ಕುಲಿ ಕಡಿಯುವುದು ಮಾತ್ರ ಎರಡು ಮೂರು ವಾರ ಬೇಡ. ಇದರ ಫಲ ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷದ ಆಸುಪಾಸು. ತುಸುವೇ ಜಾರಿದ ಕೆನ್ನೆಗೆ ಆಗಬಹುದು. ಜೋತ ಕತ್ತಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ನಿಜ ಹೇಳಬೇಕೆಂದರೆ ಇದನ್ನು ಫೇಸ್‌ಲಿಫ್ಟ್ ಎನ್ನುವುದೇ ತಪ್ಪು.

ಚರ್ಮವನ್ನಷ್ಟೇ ಬಿಗಿಸುವ ಹಳೆಯ ವಿಧಾನದಲ್ಲಿ ಒಳಗಿನ ಪೊರೆಯನ್ನು ಮುಟ್ಟುವುದಿಲ್ಲ. ಹತ್ತರಿಂದ ಹದಿನಾಲ್ಕು ದಿನದಲ್ಲಿ ಮುಖ ನೋಡುವಂತಾಗುತ್ತದೆ. ಆದರೆ ಎಳೆತವನ್ನೆಲ್ಲ ಚರ್ಮವೇ ಹೊರಬೇಕಾದ್ದರಿಂದ ಗಾಯದ ಗೆರೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಎಳೆದಂತಾಗುತ್ತದೆ. 'ಗಾಳಿಗೆ ಎದುರು ನಿಂತಂತಿದೆ' ಎಂದು ಜನ ಆಡಿಕೊಳ್ಳುವ ಮುಖಗಳ ಹಿಂದೆ ಹೆಚ್ಚಾಗಿ ಈ ಬಗೆಯ ಎಳೆತ ಇರುತ್ತದೆ. ಚರ್ಮ ಮತ್ತೆ ಸಡಿಲಗೊಳ್ಳುವುದೂ ಬೇಗ.

1970ರ ದಶಕದಲ್ಲಿ ಈ ವಿದ್ಯೆ ಹೊಸ ಮಗ್ಗುಲಿಗೆ ಹೊರಳಿತು. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1974ರಲ್ಲಿ ಚರ್ಮದೊಡನೆ ಒಳಪೊರೆಯನ್ನೂ ಎತ್ತುವುದನ್ನು ವಿವರಿಸಿದರು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೇರೊನಿ ಆ ಪೊರೆಯ ಅಂಗರಚನೆಯನ್ನು ಬಿಡಿಸಿ ತೋರಿಸಿದರು. ಅದನ್ನು ವೈದ್ಯರು ಸ್ಮಾಸ್ ಪದರ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವುದು ಈ ಪದರವನ್ನು ಮಡಿಸಿ ಹೊಲಿಯುವ, ಇಲ್ಲವೇ ಅದರ ಒಂದು ಪಟ್ಟಿಯನ್ನು ತೆಗೆದು ಅಂಚುಗಳನ್ನು ಕೂಡಿಸುವ ವಿಧಾನಗಳು. ಭಾರವನ್ನು ಗಟ್ಟಿಯಾದ ಪೊರೆ ಹೊರುತ್ತದೆ. ಚರ್ಮವನ್ನು ಎಳೆಯದೆ ಮೆಲ್ಲಗೆ ಹಾಸಿ ಹೊಲಿಯಬಹುದು. ಕಚೇರಿ ಕೆಲಸಕ್ಕೆ ಎರಡು ವಾರ, ಸಮಾರಂಭಕ್ಕೆ ಮೂರರಿಂದ ನಾಲ್ಕು ವಾರ ಎಂದು ಇಟ್ಟುಕೊಳ್ಳಿ. ಫಲ ಅನೇಕ ವರ್ಷ ಉಳಿಯುತ್ತದೆ.

ಇದರದೇ ಚಿಕ್ಕ ರೂಪಗಳೂ ಇವೆ. 2002ರಲ್ಲಿ ಬೆಲ್ಜಿಯಂನ ಟೊನಾರ್ಡ್ ಮತ್ತು ವರ್ಪೇಲ್ ಪ್ರಕಟಿಸಿದ ಮ್ಯಾಕ್ಸ್ ಲಿಫ್ಟ್‌ನಲ್ಲಿ ಕೊಯ್ತ ಕಿವಿಯ ಮುಂದೆ ಮಾತ್ರ. ಗಟ್ಟಿ ದಾರಗಳಿಂದ ಒಳಪೊರೆಯನ್ನು ನೇರ ಮೇಲಕ್ಕೆ ತೂಗುಹಾಕುತ್ತಾರೆ. ಬಿಡಿಸುವ ಚರ್ಮ ಕಡಿಮೆ, ಆದ್ದರಿಂದ ಊತವೂ ಕಡಿಮೆ. ಒಂದರಿಂದ ಎರಡು ವಾರದಲ್ಲಿ ಹೊರಗೆ ಬರಬಹುದು. ನಲವತ್ತರ ಕೊನೆಯಲ್ಲಿ, ಐವತ್ತರ ಆರಂಭದಲ್ಲಿರುವವರಿಗೆ ಇದು ಒಪ್ಪುತ್ತದೆ. ಕತ್ತಿನಲ್ಲಿ ಹೆಚ್ಚು ಚರ್ಮ ಮಿಕ್ಕಿರುವವರಿಗೆ ಸಾಲದು.

ಇನ್ನು ಆಳದ ಪದರದ ವಿಧಾನ, ಡೀಪ್ ಪ್ಲೇನ್. ಅಮೆರಿಕದ ಡಲ್ಲಾಸ್ ನಗರದ ಸ್ಯಾಮ್ ಹಮ್ರಾ 1990ರಲ್ಲಿ ಇದನ್ನು ವಿವರಿಸಿದರು. ಚರ್ಮವನ್ನೂ ಸ್ಮಾಸ್ ಪದರವನ್ನೂ ಬೇರ್ಪಡಿಸದೆ ಒಟ್ಟಿಗೆ ಎತ್ತಿ, ಅವನ್ನು ಮೂಳೆಗೆ ಬಿಗಿದಿರುವ ತಂತುಗಳನ್ನು ಬಿಡಿಸಿ, ಇಡೀ ಕೆನ್ನೆಯನ್ನು ಒಂದೇ ತುಂಡಾಗಿ ಮೇಲಕ್ಕೆ ಸರಿಸುತ್ತಾರೆ. ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಆಳದ ಗೆರೆಗೆ ಇದು ಒಳ್ಳೆಯದೆಂದು ಹೆಸರು ಪಡೆದಿದೆ. ಚೇತರಿಕೆಯ ವಿಷಯದಲ್ಲಿ ವೈದ್ಯರಲ್ಲೇ ಎರಡು ಮತ. ಆಳದ ಕೆಲಸವಾದ್ದರಿಂದ ಊತ ಹೆಚ್ಚು ದಿನ ಇರುತ್ತದೆ ಎನ್ನುವವರು ಒಂದು ಕಡೆ. ಚರ್ಮವನ್ನು ಅದರ ರಕ್ತನಾಳಗಳಿಂದ ಬೇರೆ ಮಾಡದ ಕಾರಣ ಕಲೆ ಕಡಿಮೆ, ಗಾಯ ಬೇಗ ಮಾಯುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ನನ್ನ ರೋಗಿಗಳಿಗೆ ಹೇಳುವುದು ಮೂರರಿಂದ ನಾಲ್ಕು ವಾರ. ಒಳಗಿನ ಬಿಗಿತ ಎರಡು ಮೂರು ತಿಂಗಳು ತಿಳಿಯುತ್ತಲೇ ಇರುತ್ತದೆ. ಮುಖದ ಚಲನೆಯ ನರಗಳಿಗೆ ಹತ್ತಿರದಲ್ಲಿ ಕೆಲಸ ನಡೆಯುವುದರಿಂದ ಇದನ್ನು ಪಳಗಿದ ಕೈಗೇ ಬಿಡಬೇಕು. ತುಟಿಯ ಒಂದು ಕೊನೆ ಕೆಲವು ವಾರ ಸೊಟ್ಟಗಾಗಿ ಆಮೇಲೆ ಸರಿಹೋಗುವುದು ಯಾವ ವಿಧಾನದಲ್ಲಾದರೂ ಅಪರೂಪಕ್ಕೆ ಉಂಟು. ಶಾಶ್ವತ ಹಾನಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಮೂಳೆಯ ಮೇಲಿನ ಪೊರೆಯಿಂದಲೇ ಎತ್ತುವ ವಿಧಾನದಲ್ಲಿ ಊತ ಎಲ್ಲಕ್ಕಿಂತ ದೀರ್ಘ. ಕಣ್ಣಿನ ಸುತ್ತ ಅದು ಆರು ವಾರ ಇಲ್ಲವೇ ಅದಕ್ಕೂ ಹೆಚ್ಚು ಕಾಲ ಉಳಿಯಬಹುದು. ನಮ್ಮಲ್ಲಿ ಇದನ್ನು ಮಾಡಿಸಿಕೊಳ್ಳುವವರು ಕಡಿಮೆ, ಹಾಗಾಗಿ ಹೆಚ್ಚು ಬೆಳೆಸುವುದಿಲ್ಲ.

ಹೆಚ್ಚು ದಿನ ಹಿಡಿಯುವ ವಿಧಾನವೇ ಹೆಚ್ಚು ಚೆಂದದ ಫಲ ಕೊಡುತ್ತದೆಯೇ? ಹಾಗೆ ಹೇಳಲು ಬರುವುದಿಲ್ಲ. ಅಮೆರಿಕದಲ್ಲಿ 21 ಮಂದಿಯ ಮುಖದ ಒಂದು ಕಡೆ ಸರಳ ಸ್ಮಾಸ್ ವಿಧಾನ, ಇನ್ನೊಂದು ಕಡೆ ಆಳದ ವಿಧಾನ ಅನುಸರಿಸಿ ಹೋಲಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಎರಡೂ ಕಡೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿಧಾನದ ಹೆಸರಿಗಿಂತ ಅದನ್ನು ಮಾಡುವ ಕೈ ಮುಖ್ಯ ಎಂದು ಹಿರಿಯ ವೈದ್ಯರು ಹೇಳುವುದು ಇದಕ್ಕೇ.

ದಿನ ಹೆಚ್ಚಿಸುವವರು ನಾವೇ

ಎಷ್ಟೋ ಸಲ ವಿಧಾನಕ್ಕಿಂತ ರೋಗಿಯ ಅಭ್ಯಾಸಗಳೇ ದಿನಗಳನ್ನು ನಿರ್ಧರಿಸುತ್ತವೆ. ಧೂಮಪಾನವನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಬಿಡಿಸಿ ಎಳೆದ ಚರ್ಮ ಅಂಚಿನವರೆಗೂ ಬದುಕಬೇಕಾದರೆ ಸಣ್ಣ ಸಣ್ಣ ರಕ್ತನಾಳಗಳು ತೆರೆದಿರಬೇಕು. ಸಿಗರೇಟು, ಬೀಡಿ ಅವನ್ನು ಮುಚ್ಚಿಸುತ್ತವೆ. ಕಿವಿಯ ಹಿಂದೆ ಚರ್ಮ ಕಪ್ಪಾಗಿ ಸತ್ತು ಉದುರುವ ಅಪಾಯ ಸೇದುವವರಲ್ಲಿ ಸುಮಾರು 12 ಪಟ್ಟು ಹೆಚ್ಚೆಂದು 1984ರಲ್ಲೇ ಅಮೆರಿಕದ ವೈದ್ಯರು ತೋರಿಸಿದ್ದಾರೆ. ಹಾಗಾದರೆ ಎರಡು ವಾರದ ಚೇತರಿಕೆ ಎರಡು ತಿಂಗಳಾಗುತ್ತದೆ. ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಪೂರ್ತಿ ಬಿಡಬೇಕು. 'ಒಂದೇ ಒಂದು' ಎಂಬ ಲೆಕ್ಕ ನಡೆಯುವುದಿಲ್ಲ. ಹೊಗೆಸೊಪ್ಪು ಜಗಿಯುವವರಿಗೂ ಇದೇ ಮಾತು, ನಿಕೋಟಿನ್ ಯಾವ ದಾರಿಯಿಂದ ಹೋದರೂ ನಿಕೋಟಿನ್ನೇ.

ಆಸ್ಪಿರಿನ್, ನೋವಿನ ಮಾತ್ರೆಗಳು, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿಯ ಗುಳಿಗೆ ಇವೆಲ್ಲ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಒಂದೆರಡು ವಾರ ಮೊದಲೇ ನಿಲ್ಲಿಸುವುದು ರೂಢಿ. ಆದರೆ ಹೃದಯಕ್ಕಾಗಿ, ಸ್ಟೆಂಟ್ ಹಾಕಿಸಿಕೊಂಡದ್ದಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಅದನ್ನು ತಾವಾಗಿ ನಿಲ್ಲಿಸಲೇಬಾರದು. ಕೆನ್ನೆ ಬಿಗಿಸಲು ಹೋಗಿ ಹೃದಯಾಘಾತ ತಂದುಕೊಂಡಂತಾದೀತು. ಹೃದ್ರೋಗ ತಜ್ಞರು ಬೇಡ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು. ರಕ್ತಸ್ರಾವ ತಗ್ಗಿಸಲು ಈಗ ಅನೇಕ ವೈದ್ಯರು ಟ್ರಾನೆಕ್ಸಾಮಿಕ್ ಆಸಿಡ್ ಬಳಸುತ್ತಾರೆ. ಮುಟ್ಟಿನ ಸ್ರಾವ ಅತಿಯಾದಾಗ ಕೊಡುವ ಮಾತ್ರೆಯ ಔಷಧವೇ ಇದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಇತಿಹಾಸ ಇರುವವರು ಅದನ್ನು ಮುಚ್ಚಿಡಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರದವರು ಮೊದಲು ಅದನ್ನು ಹತೋಟಿಗೆ ತರಬೇಕು.

ನಮ್ಮ ಚರ್ಮದ ಬಗ್ಗೆಯೂ ಒಂದು ಮಾತು ಹೇಳಬೇಕು. ವಿದೇಶಿ ಪುಸ್ತಕಗಳ ದಿನಗಳ ಲೆಕ್ಕ ಹೆಚ್ಚಾಗಿ ಬಿಳಿಯ ಚರ್ಮದ್ದು. ನಮ್ಮ ಗೋಧಿ ಬಣ್ಣ, ಕಂದು ಬಣ್ಣದವರಲ್ಲಿ ಸುಕ್ಕು ತಡವಾಗಿ ಬರುತ್ತದೆಂಬುದು ಸಂತೋಷದ ಸಂಗತಿ. ಆದರೆ ಗಾಯದ ಗೆರೆ ಕಪ್ಪಾಗುವುದು, ಉಬ್ಬುವುದು ನಮ್ಮಲ್ಲಿ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದ್ದವರು, ಹಳೆಯ ಗಾಯ ಉಬ್ಬಿಕೊಂಡಿರುವವರು ಮೊದಲ ಭೇಟಿಯಲ್ಲೇ ವೈದ್ಯರಿಗೆ ತೋರಿಸಬೇಕು. ಕೆಲವರಿಗೆ ಈ ಶಸ್ತ್ರಚಿಕಿತ್ಸೆ ಬೇಡವೆಂದೇ ಹೇಳಬೇಕಾಗುತ್ತದೆ.

ಕಣ್ಣಿನ ರೆಪ್ಪೆ, ಕತ್ತಿನ ಸ್ನಾಯು, ಕೊಬ್ಬು ತುಂಬುವುದು ಎಂದು ಒಂದೇ ಸಲಕ್ಕೆ ಎಲ್ಲವನ್ನೂ ಮಾಡಿಸಿಕೊಳ್ಳುವವರಿದ್ದಾರೆ. ಅರಿವಳಿಕೆ ಒಂದೇ ಸಲ ಎಂಬ ಅನುಕೂಲ ಇದೆ. ಆದರೆ ಜೊತೆಗೆ ಏನೇನು ಸೇರಿದರೂ ಮೇಲಿನ ಲೆಕ್ಕಕ್ಕೆ ಒಂದು ವಾರ ಸೇರಿಸಿಕೊಳ್ಳಿ.

ಮನೆಯಲ್ಲಿ

ಚೇತರಿಕೆ ನಡೆಯುವುದು ಮನೆಯಲ್ಲಿ. ಆದ್ದರಿಂದ ಮೊದಲ ವಾರ ಅಡುಗೆ, ನೀರು ತುಂಬಿಸುವುದು, ಮೊಮ್ಮಗುವನ್ನು ನೋಡಿಕೊಳ್ಳುವುದು ಯಾರು ಎಂದು ದಿನ ಗೊತ್ತುಮಾಡುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಬೇಕು. ಎರಡು ವಾರ ಎರಡು ಮೂರು ದಿಂಬು ಇಟ್ಟು ತಲೆ ಎತ್ತರಿಸಿ ಅಂಗಾತ ಮಲಗಬೇಕು. ಬಗ್ಗಿ ರಂಗೋಲಿ ಹಾಕುವುದು, ನೆಲ ಒರೆಸುವುದು, ಸಿಲಿಂಡರ್ ಸರಿಸುವುದು, ಮಗುವನ್ನು ಎತ್ತಿಕೊಳ್ಳುವುದು ಬೇಡ. ಬಗ್ಗಿದಾಗ, ಮುಕ್ಕಿದಾಗ ಮುಖಕ್ಕೆ ರಕ್ತ ನುಗ್ಗುತ್ತದೆ. ಅದೇ ಕಾರಣಕ್ಕೆ ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು. ಗಂಜಿ, ಮೊಸರನ್ನ, ಬೆಂದ ಇಡ್ಲಿಯಂಥ ಮೆತ್ತನೆಯ ಆಹಾರ ಒಂದು ವಾರ. ಮರುದಿನದಿಂದಲೇ ಮನೆಯೊಳಗೆ ಅಡ್ಡಾಡಬೇಕು, ಮಲಗಿಯೇ ಇರುವುದು ಒಳ್ಳೆಯದಲ್ಲ.

ಜೋಮು ಹಿಡಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ ಎಂಬುದನ್ನು ಮರೆಯಬೇಡಿ. ಹಂಡೆಯ ಬಿಸಿನೀರಿನ ಅಭ್ಯಂಜನ, ಕೂದಲು ಒಣಗಿಸುವ ಡ್ರೈಯರ್, ಬಿಸಿ ಶಾಖ ಇವುಗಳಿಂದ ಸುಟ್ಟುಕೊಂಡವರಿದ್ದಾರೆ. ಗಾಯಕ್ಕೆ ಅರಿಶಿನ, ಲೋಳೆಸರ, ಇನ್ನಾರೋ ಹೇಳಿದ ಎಣ್ಣೆ ಯಾವುದೂ ಬೇಡ. ತೂಕದ ಜುಮುಕಿ ಕನಿಷ್ಠ ಆರು ವಾರ ದೂರವಿರಲಿ. ಕೂದಲಿಗೆ ಬಣ್ಣ, ಮೆಹಂದಿ ಹಚ್ಚಿಸುವುದು ಒಂದು ತಿಂಗಳಾದ ಮೇಲೆ, ಹಾಗಾಗಿ ಶಸ್ತ್ರಚಿಕಿತ್ಸೆಗೆ ನಾಲ್ಕೈದು ದಿನ ಮೊದಲೇ ಹಚ್ಚಿಸಿಕೊಳ್ಳುವುದು ಜಾಣತನ. ಕತ್ತು ಸರಾಗವಾಗಿ ಎರಡೂ ಕಡೆ ತಿರುಗುವವರೆಗೆ ವಾಹನ ಓಡಿಸಬಾರದು; ಹೆಲ್ಮೆಟ್ಟು ಕಿವಿಯ ಗಾಯವನ್ನು ಉಜ್ಜುತ್ತದೆ. ಬಿಸಿಲಿಗೆ ಹೋಗುವಾಗ ಒಂದು ವರ್ಷದವರೆಗೂ ಗಾಯದ ಗೆರೆಗೆ ಸನ್‌ಸ್ಕ್ರೀನ್ ಹಚ್ಚಿ, ಸೆರಗು ಹೊದೆಯಿರಿ. ಗಂಡಸರಿಗೆ ಒಂದು ವಿಚಿತ್ರ ಅನುಭವ ಕಾದಿರುತ್ತದೆ: ಕೆನ್ನೆಯ ಚರ್ಮ ಹಿಂದಕ್ಕೆ ಸರಿದಿರುವುದರಿಂದ ಗಡ್ಡ ಕಿವಿಯ ಪಕ್ಕದಲ್ಲೂ ಹಿಂದೆಯೂ ಬೆಳೆಯುತ್ತದೆ. ಅಲ್ಲಿಯೂ ಕ್ಷೌರ ಮಾಡಿಕೊಳ್ಳಬೇಕಾಗುತ್ತದೆ.

ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು ರಜೆಗೆ ಊರಿಗೆ ಬಂದಾಗ, ಇಲ್ಲಿ ಖರ್ಚು ಕಡಿಮೆಯೆಂದು ಮಾಡಿಸಿಕೊಳ್ಳುವ ನಮ್ಮವರು ವಾಪಸ್ ಟಿಕೆಟನ್ನು ಮೂರು ವಾರಕ್ಕಿಂತ ಮುಂಚೆ ಇಟ್ಟುಕೊಳ್ಳಬಾರದು. ವಿಮಾನದಲ್ಲಿ ಕುಳಿತಾಗ ಗಾಯ ಸೋರತೊಡಗಿದರೆ ನೋಡುವವರಾರು?

ಒಂದೇ ಕಡೆ ಥಟ್ಟನೆ ಊತ ಏರಿ ಗಟ್ಟಿಯಾಗುವುದು, ಮಾತ್ರೆಗೂ ಬಗ್ಗದ ನೋವು, ಕಣ್ಣು ಮುಚ್ಚಲಾಗದಿರುವುದು, ಚಳಿಜ್ವರ, ಗಾಯದಲ್ಲಿ ಕೀವು, ಚರ್ಮ ಕಪ್ಪಾಗುವುದು, ಉಸಿರಾಟದ ತೊಂದರೆ, ಮೀನಖಂಡದಲ್ಲಿ ನೋವು ಊತ, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮಧ್ಯರಾತ್ರಿಯಾದರೂ ವೈದ್ಯರಿಗೆ ಫೋನ್ ಮಾಡಿ. ಮಧ್ಯರಾತ್ರಿ ಫೋನ್ ಎತ್ತುವ ವೈದ್ಯರು ಯಾರು, ತುರ್ತು ನಿಗಾ ಘಟಕ ಎಲ್ಲಿದೆ, ಅರಿವಳಿಕೆ ತಜ್ಞರು ಪೂರ್ತಿ ಹೊತ್ತು ಇರುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆಯ ಯುವ ನಟಿಯೊಬ್ಬರು ತೀರಿಕೊಂಡ ಸುದ್ದಿಯನ್ನು ಓದುಗರು ಮರೆತಿರಲಾರರು. ಸೌಂದರ್ಯಕ್ಕೆಂದು ಮಾಡಿಸಿಕೊಂಡರೂ ಶಸ್ತ್ರಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ವೈದ್ಯರು ಎಂ.ಎಸ್. ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಪಡೆದಿದ್ದಾರೆಯೇ ಎಂದು ವಿಚಾರಿಸಲು ಸಂಕೋಚ ಪಡಬೇಡಿ. ಆರೋಗ್ಯ ವಿಮೆ ಇದರ ಖರ್ಚನ್ನು ಭರಿಸುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಗೆ ಮಾತ್ರ ವಿನಾಯಿತಿ ಇದೆ.

ಮತ್ತೆ ಆ ತಾಯಿಯ ಮಾತಿಗೆ ಬರೋಣ. ಅವರ ಕತ್ತಿಗೆ ಬೇಕಿದ್ದುದು ಸ್ಮಾಸ್ ವಿಧಾನ, ಜೊತೆಗೆ ಕತ್ತಿನ ಸ್ನಾಯುವಿನ ಕೆಲಸ. ಆಸ್ಪಿರಿನ್ ಬಗ್ಗೆ ಹೃದ್ರೋಗ ತಜ್ಞರ ಅಭಿಪ್ರಾಯ ಪಡೆದು, ಅವರು ಒಪ್ಪಿದರೆ ನಿಲ್ಲಿಸಿ ಕಾಯುವುದಕ್ಕೇ ಹತ್ತು ಹದಿನೈದು ದಿನ ಬೇಕು. ಉಳಿದ ದಿನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ಹಳದಿ ಕಲೆಯ ಕತ್ತು, ಊದಿದ ಕೆನ್ನೆ, ಕಿವಿಯ ಹಿಂದೆ ಹೊಲಿಗೆ ಇಟ್ಟುಕೊಂಡು ಧಾರೆ ಎರೆಯಬೇಕಾಗುತ್ತಿತ್ತು. ಮದುವೆ ಮನೆಯ ಓಡಾಟದಲ್ಲಿ ರಕ್ತದೊತ್ತಡ ಏರಿ ಏನಾಗುತ್ತಿತ್ತೋ ಬೇರೆ ಮಾತು. ಸಮಾರಂಭ ಮುಖ್ಯವಾಗಿದ್ದರೆ ಕನಿಷ್ಠ ಮೂರು ತಿಂಗಳು ಮೊದಲೇ ಮಾಡಿಸಿಕೊಳ್ಳಬೇಕು ಎಂದು ಅವರಿಗೆ ಹೇಳಿದೆ.

"ಹಾಗಾದ್ರೆ ಆ ಚೀಟಿಯವರು ಐದು ದಿನ ಅಂದದ್ದು?" ಎಂದು ಕೇಳಿದರು. ದಾರದ ಚಿಕಿತ್ಸೆಯನ್ನು ವಿವರಿಸಿ, ಅದು ನಿಮ್ಮ ಕತ್ತನ್ನು ಮುಟ್ಟುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋಟೋದವನಿಗೇ ಸ್ವಲ್ಪ ಮೇಲಿಂದ ತೆಗೆಯೋಕೆ ಹೇಳ್ತೀನಿ ಬಿಡಿ" ಎಂದು ನಕ್ಕರು. ಮದುವೆಯಾಗಿ ಎರಡು ತಿಂಗಳಿಗೆ ಅವರು ಹೃದ್ರೋಗ ತಜ್ಞರ ಚೀಟಿ ಹಿಡಿದು ಮತ್ತೆ ಬಂದರು. ಈ ಸಲ ಅವರ ಮೊದಲ ಪ್ರಶ್ನೆ ಬೇರೆಯಾಗಿತ್ತು: ಮೊದಲ ರಾತ್ರಿ ಆಸ್ಪತ್ರೆಯಲ್ಲಿ ತಂಗಿ ಜೊತೆಗಿರಬಹುದೇ?